ಗುಜರಿ ಸಾಮಾನಿನಿಂದ ಜೋಡಿಸಿದ ಪಿಸಿ: ಗುಂಯ್ ಸದ್ದು, ಮೊದಲ ಅಕ್ಷರ ಮಾಯ. ಯಾರಾದರೂ ದಾರಿ ಹೇಳಿ

ಗುಜರಿ_ಮಾಮ (ಹಾಸನ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೈಯಬೇಡಿ.

ನಮ್ಮ ಅಕ್ಕನ ಮಗಳು ಅರಸೀಕೆರೆಯಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದಾಳೆ. ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಶಾಲೆಯಲ್ಲಿದ್ದಾಗ ಎನ್‌ವಿಡಿಎ ಹಾಕಿಕೊಂಡು ಕಂಪ್ಯೂಟರ್ ಚೆನ್ನಾಗಿ ಕಲಿತಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಪರದೆ ಮೇಲೆ ಇರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶ ಅದು. ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಈಗ ಮನೆಯಲ್ಲೂ ಒಂದು ಕಂಪ್ಯೂಟರ್ ಬೇಕು ಅಂದಳು. ಹೊಸದು ಕೊಡಿಸುವ ತಾಕತ್ತು ಸದ್ಯಕ್ಕಿಲ್ಲ. ಹಾಗಾಗಿ ಸಿಕ್ಕಿದ್ದನ್ನೆಲ್ಲ ಕೂಡಿಸಿ ನಾನೇ ಒಂದು ಕಟ್ಟಿದೆ. ಯಾವುದೋ ಆಫೀಸಿನವರು ವಿಲೇವಾರಿ ಮಾಡಿದ ಎಚ್61 ಮದರ್‌ಬೋರ್ಡು, ಅದರ ಮೇಲೇ ಕೂತಿದ್ದ ಐ3-2100 ಪ್ರೊಸೆಸರ್. ಕ್ಯಾಬಿನೆಟ್ ನನ್ನ 2005ರ ಪೆಂಟಿಯಂ 4ರದ್ದು. ಎಸ್‌ಎಂಪಿಎಸ್ (ಕರೆಂಟು ಕೊಡುವ ಡಬ್ಬ) ಇನ್ನೊಂದು ಸತ್ತ ಪಿಸಿಯದು. ಗೆಳೆಯ ಕೊಟ್ಟ ಜಿಟಿ 710 ಗ್ರಾಫಿಕ್ಸ್ ಕಾರ್ಡು. ಸ್ಪೀಕರ್ ನೆಂಟರ ಅಟ್ಟದಿಂದ ಇಳಿದು ಬಂದ 2.1 ಸೆಟ್. ಹೊಸದಾಗಿ ಕೊಂಡದ್ದು ಎಸ್‌ಎಸ್‌ಡಿ ಒಂದೇ. ವಿಂಡೋಸ್ 10, ಕನ್ನಡ ಇಂಟರ್‌ಫೇಸ್.

ಪಿಸಿ ಓಡುತ್ತದೆ. ಧ್ವನಿಯದೇ ಗೋಳು.

ಕೆಲವು ದಿನ ಆನ್ ಮಾಡಿದರೆ ಧ್ವನಿಯೇ ಇಲ್ಲ, ಕೆಲವು ದಿನ ಇದೆ. ಇದ್ದಾಗ ಹಿಂದೆ ಗುಂಯ್ ಅಂತ ಸದ್ದು, ಮೌಸ್ ಚಕ್ರ ತಿರುಗಿಸಿದರೆ ಚರಚರ. ಮುಂದಿನ ಹೆಡ್‌ಫೋನ್ ತೂತು ಕೆಲಸ ಮಾಡುವುದಿಲ್ಲ. ಇದೆಲ್ಲ ಹಾಳಾಗಲಿ. ದೊಡ್ಡ ತಲೆನೋವು ಅಂದರೆ ಆಗಾಗ ಮಾತಿನ ಮೊದಲ ಅಕ್ಷರವೇ ಕೇಳಿಸುವುದಿಲ್ಲ. "ಉಳಿಸು" ಅಂತ ಇದ್ದರೂ "ಳಿಸು", "ಅಳಿಸು" ಅಂತ ಇದ್ದರೂ "ಳಿಸು". ಹೋದ ಭಾನುವಾರ ಅವಳು ಬರೆದ ಕನ್ನಡ ಪ್ರಬಂಧ ಹೀಗೇ ಅಳಿಸಿ ಹೋಯಿತು. ಕಸದ ಬುಟ್ಟಿಯಲ್ಲಿ ಸಿಕ್ಕಿತು ಅನ್ನಿ, ಆದರೂ ಅವಳು ಅರ್ಧ ಗಂಟೆ ಮಾತಾಡಲಿಲ್ಲ.

ಬೆಸುಗೆ_ಭಟ್ಟ

ಕೆಪಾಸಿಟರ್. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಹಳೇ ಬೋರ್ಡು ಅಂದರೆ ತಲೆ ಉಬ್ಬಿದ ಕೆಪಾಸಿಟರ್ ಇದ್ದೇ ಇರುತ್ತದೆ.

ಟಕ್ಸ್_ಗೌಡ

ವಿಂಡೋಸ್ ತೆಗೆದು ಲಿನಕ್ಸ್ ಹಾಕಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಬೆಂಬಲ ಮುಗಿಯಿತು, ಎರಡನೇ ತಲೆಮಾರಿನ ಐ3 ಮೇಲೆ 11 ಹಾಕಲು ಅಧಿಕೃತವಾಗಿ ಬಿಡುವುದಿಲ್ಲ. ಲಿನಕ್ಸ್‌ನಲ್ಲಿ ಓದಿ ಹೇಳಲು ಓರ್ಕಾ ಅನ್ನುವ ತಂತ್ರಾಂಶ ಇದೆ.

ಸುಮ್ನೆ_ಓದುಗ

ಬಂದರಪ್ಪಾ ಗೌಡ್ರು. ಫ್ಯಾನ್ ತಿರುಗದಿದ್ದರೂ ಲಿನಕ್ಸ್ ಹಾಕಿ ಅನ್ನುತ್ತಾರೆ.

ಕರಾವಳಿ_ಕೇಬಲ್

ಮಾರಾಯ್ರೆ, ನಾಲ್ಕು ಕಾಯಿಲೆಗೆ ಒಂದೇ ಕಷಾಯ ಕೊಡಬೇಡಿ. ಒಂದೊಂದಾಗಿ ನೋಡುವ.

ಮೊದಲು, ಧ್ವನಿ ಇಲ್ಲದ ದಿನ ಮಾನಿಟರ್ ಆನ್ ಇತ್ತಾ ಆಫ್ ಇತ್ತಾ? ಎಚ್‌ಡಿಎಂಐಯಲ್ಲಿ ಜೋಡಿಸಿದ್ದೀರಾ?

ಗುಜರಿ_ಮಾಮ

ಹೌದು, ಎಚ್‌ಡಿಎಂಐ. ಮಾನಿಟರ್ ಬಗ್ಗೆ ಅಕ್ಕನನ್ನೇ ಕೇಳಿದೆ. ನೀವು ಹೇಳಿದ್ದು ಸರಿ. ಅವಳು ಪಕ್ಕದಲ್ಲಿ ಕೂತು ನೋಡಬೇಕು ಅಂತ ಮಾನಿಟರ್ ಆನ್ ಮಾಡಿದ ದಿನ ಧ್ವನಿ ಇಲ್ಲ! ಮಗಳೊಬ್ಬಳೇ ಕೂತರೆ ಮಾನಿಟರ್ ಮುಟ್ಟುವುದೇ ಇಲ್ಲ, ಆಗ ಧ್ವನಿ ಇರುತ್ತದೆ. "ಮಾಮ, ಅಮ್ಮ ಬಂದರೆ ಕಂಪ್ಯೂಟರ್‌ಗೂ ಭಯ" ಅಂತ ತಮಾಷೆ ಮಾಡುತ್ತಿದ್ದಳು. ನಾನು ತಲೆಗೆ ಹಾಕಿಕೊಂಡಿರಲಿಲ್ಲ.

ಕರಾವಳಿ_ಕೇಬಲ್

ಹಾಗಾದರೆ ಅದು ಮುಗಿಯಿತು. ಎಚ್‌ಡಿಎಂಐ ತಂತಿಯಲ್ಲಿ ಚಿತ್ರದ ಜೊತೆ ಧ್ವನಿಯೂ ಹೋಗುತ್ತದೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ಅದಕ್ಕೆಂದೇ ಬೇರೆ ಸೌಂಡ್ ಸಾಧನ ಇದೆ. ಮಾನಿಟರ್ ಎದ್ದ ಕೂಡಲೇ ವಿಂಡೋಸ್ ಧ್ವನಿಯನ್ನು ಅತ್ತ ತಿರುಗಿಸುತ್ತದೆ. ಮಾನಿಟರಿನಲ್ಲಿ ಸ್ಪೀಕರೇ ಇಲ್ಲದಿದ್ದರೂ ಅದಕ್ಕೆ ಲೆಕ್ಕವಿಲ್ಲ. ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಎಚ್‌ಡಿಎಂಐ ಸಾಧನವನ್ನು ಡಿಸೇಬಲ್ ಮಾಡಿ. ಇನ್ನೂ ಒಳ್ಳೆಯದು ಅಂದರೆ ಆ ಕಾರ್ಡನ್ನೇ ಕಿತ್ತುಬಿಡಿ. ಐ3-2100 ಒಳಗೇ ಗ್ರಾಫಿಕ್ಸ್ ಇದೆ, ಬೋರ್ಡಿನ ವಿಜಿಎ ಸಾಕು. ಒಂದು ಫ್ಯಾನ್ ಸದ್ದೂ ಕಮ್ಮಿ.

ಗುಜರಿ_ಮಾಮ

ಕಾರ್ಡು ಇರಲಿ ಅಂತ ಹಾಕಿದ್ದೆ, ಸಿಕ್ಕಿತಲ್ಲ ಅಂತ. ಇವತ್ತು ತೆಗೆದೆ. ಅವಳು ಕೇಳಿದಳು, "ನನಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ಪುಣ್ಯಾತ್ಮ ಯಾರು?" ಅಂತ.

ಸುಮ್ನೆ_ಓದುಗ

ಹುಡುಗಿ ನಮ್ಮ ಪಾರ್ಟಿ 😄

ವೈರ್‌ಮನ್_ಧಾರವಾಡ

ಗುಂಯ್ ಸದ್ದಿನ ಬಗ್ಗೆ ನಾನು ಹೇಳ್ತೀನಿ ನೋಡ್ರಿ. ಕ್ಯಾಬಿನೆಟ್ಟಿಗೆ ಕೈ ಹಚ್ಚಿದರೆ ಜುಂ ಅಂತದೇನು? ಮುಂಗೈ ಹಿಂಬದಿಯಿಂದ ಮೆಲ್ಲಗೆ ಸವರಿದರೆ ಗೊತ್ತಾಗ್ತದ. ಇಲ್ಲಾ ಟೆಸ್ಟರ್ ಹಿಡೀರಿ, ಬಣ್ಣ ಇಲ್ಲದ ಸ್ಕ್ರೂ ತಲೆ ಮೇಲೆ.

ಗುಜರಿ_ಮಾಮ

ಟೆಸ್ಟರ್ ಉರಿಯಿತು! ಮಂಕಾಗಿ. ಅವಳನ್ನು ಕೇಳಿದೆ, "ಹೌದು ಮಾಮ, ಯಾವಾಗಲೂ ಸ್ವಲ್ಪ ಜುಮುಜುಮು ಅನ್ನುತ್ತದೆ, ಕಂಪ್ಯೂಟರ್ ಅಂದರೆ ಹಾಗೇ ಅಂದುಕೊಂಡೆ" ಅಂದಳು. ಎದೆ ಧಸಕ್ ಅಂದಿತು.

ವೈರ್‌ಮನ್_ಧಾರವಾಡ

ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಕ್ಯಾಬಿನೆಟ್ಟಿಗೆ ಜೋಡಿಸಿರುತ್ತಾರೆ. ಹೊರಗಿನ ಗಲಾಟೆ ಒಳಗೆ ಬರಬಾರದು, ಒಳಗಿನದು ಹೊರಗೆ ಹೋಗಬಾರದು ಅಂತ. ಅರ್ಥ್ ತಂತಿ ಇದ್ದರೆ ಅದು ಅಲ್ಲೇ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಎರಡರ ನಡುವೆ, ಅಂದರೆ 230ರ ಅರ್ಧ, ಸುಮಾರು 115 ವೋಲ್ಟಿನಲ್ಲಿ ತೇಲುತ್ತಾ ಇರುತ್ತದೆ. ಕರೆಂಟು ಬಹಳ ಕಮ್ಮಿ, ಅದಕ್ಕೇ ಬರೀ ಜುಂ. ಅದೇ 50 ಹರ್ಟ್ಜ್ ಸ್ಪೀಕರ್ ತಂತಿ ಹಿಡಿದು ಗುಂಯ್ ಅಂತ ಬರುತ್ತದೆ.

ಪಿಸಿ ಪ್ಲಗ್ಗಿನ ದಪ್ಪ ಪಿನ್ ಎಲ್ಲಿಗೆ ಹೋಗಿದೆ ನೋಡ್ರಿ.

ಗುಜರಿ_ಮಾಮ

ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಮೂರು ತೂತಿದೆ, ಆದರೆ ಅದರ ವೈರಿನ ತುದಿಯಲ್ಲಿ ಟೂ-ಪಿನ್ ಪ್ಲಗ್. ಭಾವ ಯಾವಾಗಲೋ ಹಾಕಿಸಿದ್ದು.

ಹಳೇ_ರೇಡಿಯೋ

ಸುಲಭ ಉಪಾಯ ಇದೆ. ಪ್ಲಗ್ ಬಿಚ್ಚಿ ಅರ್ಥ್ ಪಿನ್ನಿಗೂ ನ್ಯೂಟ್ರಲ್ಲಿಗೂ ಒಂದು ತುಂಡು ವೈರ್ ಹಾಕಿ. ಜುಂ ಅನ್ನುವುದು ತಕ್ಷಣ ನಿಲ್ಲುತ್ತದೆ. ನಾನು ಇಪ್ಪತ್ತು ವರ್ಷದಿಂದ ಹೀಗೇ ಮಾಡಿದ್ದೇನೆ.

ವೈರ್‌ಮನ್_ಧಾರವಾಡ

ಯಪ್ಪಾ! ಮಾಡಬ್ಯಾಡ್ರಿ, ಯಾರೂ ಮಾಡಬ್ಯಾಡ್ರಿ. ನ್ಯೂಟ್ರಲ್ ಎಲ್ಲೋ ಒಂದು ಕಡೆ ಸಡಿಲಾದರೆ, ಇಲ್ಲಾ ಪ್ಲಗ್ ಉಲ್ಟಾ ಕೂತರೆ, ಇಡೀ ಕ್ಯಾಬಿನೆಟ್ಟಿಗೆ ಪೂರಾ 230 ವೋಲ್ಟ್ ಬರುತ್ತದೆ. ಅದೂ ಟೂ-ಪಿನ್ ಪ್ಲಗ್, ಎರಡೂ ಕಡೆ ತಿರುಗಿಸಿ ಚುಚ್ಚಬಹುದು. ಆ ಹುಡುಗಿ ಎಲ್ಲವನ್ನೂ ಕೈಯಿಂದ ತಡವಿ ಗುರುತು ಹಿಡಿಯುವವಳು. ಸ್ವಲ್ಪ ಯೋಚನೆ ಮಾಡಿ ಬರೀರಿ ಹಿರಿಯರೇ.

ಹಳೇ_ರೇಡಿಯೋ

ನನಗೆ ಏನೂ ಆಗಿಲ್ಲವಲ್ಲ ಅಂತ ಹೇಳಿದೆ ಅಷ್ಟೇ. ಟೂ-ಪಿನ್ ವಿಷಯ ಗಮನಿಸಿರಲಿಲ್ಲ. ಹಿಂದಕ್ಕೆ ತೆಗೆದುಕೊಂಡೆ.

ಎಸ್‌ಪಿ_ರೋಡ್_ಸುತ್ತಾಟ

ಇಷ್ಟೆಲ್ಲ ಯಾಕೆ? ಯುಎಸ್‌ಬಿ ಸೌಂಡ್ ಕಾರ್ಡ್ ಅಂತ ಹೆಬ್ಬೆರಳಿನಷ್ಟು ಸಿಗುತ್ತದೆ, ನೂರೈವತ್ತು ಇನ್ನೂರು ರೂಪಾಯಿ. ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯಲ್ಲಿ ಬುಟ್ಟಿಗಟ್ಟಲೆ ಇಟ್ಟಿರುತ್ತಾರೆ. ಬೋರ್ಡಿನ ಸೌಂಡಿನ ಸಹವಾಸವೇ ಬೇಡ.

ಕರಾವಳಿ_ಕೇಬಲ್

ಅದು ಚರಚರಕ್ಕೆ ಆಗಬಹುದು. ಕ್ಯಾಬಿನೆಟ್ ಜುಂ ಅನ್ನುವುದಕ್ಕೆ ಯುಎಸ್‌ಬಿ ಏನು ಮಾಡುತ್ತದೆ? ಅದರ ಗ್ರೌಂಡೂ ಅದೇ ಕ್ಯಾಬಿನೆಟ್ಟಿಗೇ ಸೇರಿದ್ದು.

ಗುಜರಿ ಮಾಮ, ಒಂದು ಪರೀಕ್ಷೆ. ಸ್ಪೀಕರಿನ ಪಿನ್ ಪಿಸಿಯಿಂದ ಕಿತ್ತು ಮೊಬೈಲಿಗೆ ಹಾಕಿ, ಮೊಬೈಲ್ ಚಾರ್ಜಿಗೆ ಹಾಕಬೇಡಿ. ಆಗಲೂ ಗುಂಯ್ ಅಂದರೆ ಸ್ಪೀಕರಿನ ಒಳಗೇ ತೊಂದರೆ. ಇಲ್ಲದಿದ್ದರೆ ಪಿಸಿ ಕಡೆಯದು.

ಗುಜರಿ_ಮಾಮ

ಮೊಬೈಲಿನಲ್ಲಿ ಪೂರ್ತಿ ನಿಶ್ಶಬ್ದ. ಸ್ಪೀಕರ್ ಚೆನ್ನಾಗಿದೆ.

ಶ್ರುತಿಪೆಟ್ಟಿಗೆ

ಅಡ್ಡ ಮಾತು, ಕ್ಷಮಿಸಿ. ಆ ಗುಂಯ್ ಸದ್ದು ಯಾವ ಶ್ರುತಿಯಲ್ಲಿದೆ ಅಂತ ಯಾರಾದರೂ ನೋಡಿದ್ದೀರಾ? ನಮ್ಮ ಕರೆಂಟು 50 ಹರ್ಟ್ಜ್. ಅದರ ದುಪ್ಪಟ್ಟು 100. ಹಾರ್ಮೋನಿಯಂ ಲೆಕ್ಕದಲ್ಲಿ ಜಿ, ಅಂದರೆ ನಮ್ಮ ಐದರ ಶ್ರುತಿ, 98. ಅಂದರೆ ಭಾರತದ ಎಲ್ಲ ಕೆಟ್ಟ ಸ್ಪೀಕರುಗಳೂ ಐದರ ಶ್ರುತಿಗಿಂತ ಕೂದಲೆಳೆಯಷ್ಟು ಮೇಲೆ ಹಾಡುತ್ತವೆ. ಅಮೆರಿಕದಲ್ಲಿ 60 ಹರ್ಟ್ಜ್, ಅಲ್ಲಿನ ಗುಂಯ್ ಬೇರೆ ಶ್ರುತಿ. ನನ್ನ ತಮ್ಮ ಅಲ್ಲಿಂದ ಕಳಿಸಿದ ರೆಕಾರ್ಡಿಂಗ್ ಕೇಳಿ ಪತ್ತೆ ಹಚ್ಚಿದ್ದೆ.

ಸುಮ್ನೆ_ಓದುಗ

ಹೆಣ್ಣುಮಕ್ಕಳಿಗೆ ಐದರ ಶ್ರುತಿ ಅಂತಾರಲ್ಲ, ಸ್ಪೀಕರ್ ಹೆಣ್ಣು ಅಂತಾಯಿತು.

ಬೆಸುಗೆ_ಭಟ್ಟ

ಯಾರೂ ಕೆಪಾಸಿಟರ್ ನೋಡಿಲ್ಲ ಇನ್ನೂ.

ಗುಜರಿ_ಮಾಮ

ಭಟ್ಟರೇ, ನಿಮಗೋಸ್ಕರ ಟಾರ್ಚ್ ಹಿಡಿದು ಒಂದೊಂದನ್ನೂ ನೋಡಿದೆ. ಎಲ್ಲದರ ತಲೆ ಚಪ್ಪಟೆ. ಸೋರಿಕೆ ಇಲ್ಲ.

ಬೆಸುಗೆ_ಭಟ್ಟ

ಎಚ್61 ಅಂದರೆ 2011ರ ಮೇಲಿನದು. ಉಬ್ಬುವ ಪಿಡುಗು ಇದ್ದದ್ದು ಅದಕ್ಕೂ ಮುಂಚೆ, ಹೆಚ್ಚುಕಮ್ಮಿ 2000ದಿಂದ 2007ರ ತನಕ. ನಿಮ್ಮ ಪೆಂಟಿಯಂ ಬೋರ್ಡು ಇದ್ದರೆ ನೋಡಿ, ಅದರಲ್ಲಿ ಖಂಡಿತ ಇರುತ್ತದೆ.

ಗುಜರಿ_ಮಾಮ

ಅದು ಉಬ್ಬಿಯೇ ಸತ್ತದ್ದು ಸ್ವಾಮಿ 😄 ಒಂದು ಮಾತು ನಿಮ್ಮದೂ ನಿಜವಾಯಿತು.

ಕರಾವಳಿ_ಕೇಬಲ್

ಮುಂದಿನ ಹೆಡ್‌ಫೋನ್ ತೂತು. 2005ರ ಕ್ಯಾಬಿನೆಟ್ ಅಂದಿರಿ. ಆಗ ಎರಡು ಪದ್ಧತಿ ಒಟ್ಟಿಗೆ ಇದ್ದವು. ಹಳೆಯದು ಎಸಿ97, ಹೊಸದು ಎಚ್‌ಡಿ ಆಡಿಯೋ. ಹೊಸದು ಬಂದದ್ದು 2004ರಲ್ಲಿ. ಆ ಕಾಲದ ಕ್ಯಾಬಿನೆಟ್‌ಗಳಲ್ಲಿ ಒಂದೇ ತಂತಿಗೆ ಎರಡು ತಲೆ ಇರುತ್ತಿದ್ದವು. ನೀವು ಯಾವುದನ್ನು ಚುಚ್ಚಿದ್ದೀರಿ? ಎರಡೂ ಅದೇ ಒಂಬತ್ತು ಪಿನ್ನಿಗೆ ಕೂರುತ್ತವೆ, ಹಾಗಾಗಿ ಕೂತಿತು ಅಂದ ಮಾತ್ರಕ್ಕೆ ಸರಿ ಅಂತಲ್ಲ. ಹೆಡ್‌ಫೋನ್ ಚುಚ್ಚಿದ್ದು ಬೋರ್ಡಿಗೆ ಗೊತ್ತಾಗಬೇಕಾದರೆ ಎಚ್‌ಡಿ ತಲೆಯೇ ಬೇಕು. ಎಸಿ97ರಲ್ಲಿ ಆ ಸುದ್ದಿ ಮುಟ್ಟಿಸುವ ತಂತಿಯೇ ಇಲ್ಲ.

ಇನ್ನೊಂದು ಎಚ್ಚರಿಕೆ. ಪಕ್ಕದಲ್ಲೇ ಯುಎಸ್‌ಬಿಯದೂ ಒಂಬತ್ತು ಪಿನ್ನಿನ ಜಾಗ ಇರುತ್ತದೆ. ಆಡಿಯೋದಲ್ಲಿ 8ನೇ ಪಿನ್ ಇಲ್ಲ, ಯುಎಸ್‌ಬಿಯಲ್ಲಿ 9ನೇದು ಇಲ್ಲ. ಬಲವಂತ ಮಾಡಿ ಕೂರಿಸಿದರೆ 5 ವೋಲ್ಟ್ ಹೋಗಬಾರದ ಕಡೆ ಹೋಗುತ್ತದೆ. ನಾನು ಕಾಲೇಜಿನಲ್ಲಿ ಹಾಗೆ ಮಾಡಿ ಗೆಳೆಯನ ಪೆನ್‌ಡ್ರೈವ್ ಸುಟ್ಟಿದ್ದೇನೆ, ಇವತ್ತಿಗೂ ಮದುವೆ ಮನೆಯಲ್ಲಿ ಸಿಕ್ಕರೆ ಅದನ್ನೇ ಎತ್ತುತ್ತಾನೆ.

ಗುಜರಿ_ಮಾಮ

ಇವತ್ತು ಅರಸೀಕೆರೆಗೆ ಹೋಗಿದ್ದೆ. ಕ್ಯಾಬಿನೆಟ್ ಬಿಚ್ಚಿ ಮಲಗಿಸಿದೆ. ನಾನು ಚುಚ್ಚಿದ್ದ ತಲೆಯ ಮೇಲೆ ಬಿಳಿ ಅಕ್ಷರ ಅರ್ಧ ಅಳಿಸಿತ್ತು, ಉಗುರಿನಿಂದ ಧೂಳು ಕೆರೆದರೆ ಎಸಿ ಅಂತ ಕಂಡಿತು. ಇನ್ನೊಂದು ತಲೆ ಎಲ್ಲಿ ಅಂತ ಹುಡುಕಿದರೆ ಸಿಡಿ ಡ್ರೈವ್ ಗೂಡಿನ ಹಿಂದೆ. ಕ್ಯಾಬಿನೆಟ್ ತಯಾರಾದ ದಿನ ಯಾರೋ ಮಡಚಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದು ಹಾಗೇ ಇತ್ತು, ಇಪ್ಪತ್ತು ವರ್ಷದ ಜೇಡರ ಬಲೆಯ ಸಮೇತ. ಅವಳೇ ಕೈ ಹಾಕಿ ತಡವಿ ಎಳೆದಳು. ನನ್ನ ಬೆರಳು ಆ ಸಂದಿಯಲ್ಲಿ ಹೋಗುತ್ತಿರಲಿಲ್ಲ. ಬದಲಾಯಿಸಿದ ಮೇಲೆ ಮುಂದಿನ ತೂತು ಜೀವ ಬಂತು. ಇಯರ್‌ಫೋನ್ ಹಾಕಿದರೆ ಸ್ಪೀಕರ್ ತಾನೇ ಸುಮ್ಮನಾಗುತ್ತದೆ.

ಅರ್ಥಿಂಗೂ ಆಯಿತು. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಗೋಡೆಯ ಸಾಕೆಟ್ ನೋಡಿದರು. ಮನೆಯ ಅರ್ಥ್ ಪಿಟ್ ಇದೆ, ಆದರೆ ನೀರು ಕಾಣದೆ ಒಣಗಿತ್ತು. ತಂತಿಯ ಬೋಲ್ಟ್ ಪೂರಾ ತುಕ್ಕು. ಹೊಸ ಬೋಲ್ಟ್, ಇದ್ದಿಲು, ಉಪ್ಪು, ನಾಲ್ಕು ಕೊಡ ನೀರು. ಎಕ್ಸ್‌ಟೆನ್ಷನ್ನಿಗೆ ತ್ರೀ-ಪಿನ್. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಹಾಕಿಸಿ ಅಂತ ಹೇಳಿ ಹೋಗಿದ್ದಾರೆ, ಮುಂದಿನ ತಿಂಗಳು ನೋಡಬೇಕು. ಗುಂಯ್ ನಿಂತಿತು. ಟೆಸ್ಟರ್ ಉರಿಯುವುದಿಲ್ಲ. ಧಾರವಾಡದವರಿಗೆ ಒಂದು ಕೆಜಿ ಪೇಡೆ ಕೊಡಬೇಕು ಅಂದರೆ ಅದೂ ನಿಮ್ಮೂರಿನದೇ.

ಚರಚರ ಮಾತ್ರ ಇನ್ನೂ ಸಣ್ಣಗೆ ಇದೆ.

ವೈರ್‌ಮನ್_ಧಾರವಾಡ

ಆ ಪಿಟ್ಟಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಲಿಕ್ಕೆ ಹೇಳ್ರಿ. ತುಳಸಿಗೆ ಹಾಕುವಾಗ ಅದಕ್ಕೂ.

ಟಕ್ಸ್_ಗೌಡ

ಚರಚರಕ್ಕೆ ನನ್ನ ಹತ್ತಿರ ಉತ್ತರ ಇದೆ, ಲಿನಕ್ಸ್ ಅಲ್ಲದ್ದು! ಪ್ಲೇಬ್ಯಾಕ್ ಸಾಧನದ ಪ್ರಾಪರ್ಟೀಸ್‌ನಲ್ಲಿ ಲೆವೆಲ್ಸ್ ಅಂತ ಇರುತ್ತದೆ. ಅಲ್ಲಿ ಮೈಕ್, ಲೈನ್-ಇನ್ ಎಲ್ಲ ತೆರೆದಿರುತ್ತವೆ ಕೆಲವೊಮ್ಮೆ. ಯಾವ ಮೈಕೂ ಚುಚ್ಚಿಲ್ಲದಿದ್ದರೂ ಆ ಖಾಲಿ ತಂತಿ ಆಂಟೆನಾ ತರ ಬೋರ್ಡಿನ ಸದ್ದನ್ನೆಲ್ಲ ಹಿಡಿದು ಸ್ಪೀಕರಿಗೆ ತಳ್ಳುತ್ತದೆ. ಮ್ಯೂಟ್ ಮಾಡಿ. ಲಿನಕ್ಸ್‌ನಲ್ಲಾದರೆ ಆಲ್ಸಾಮಿಕ್ಸರ್ ತೆರೆದು ಎಂ ಒತ್ತಿದರೆ ಆಯಿತು. ಸರಿ ಸರಿ, ಸುಮ್ನಾದೆ.

ಗುಜರಿ_ಮಾಮ

ಫ್ರಂಟ್ ಮೈಕ್ ಪೂರ್ತಿ ಏರಿಸಿ ಇಟ್ಟಿತ್ತು. ಮ್ಯೂಟ್ ಮಾಡಿದೆ. ಚರಚರ ಹೋಯಿತು! ಗೌಡ್ರೇ, ಉದ್ದಂಡ ನಮಸ್ಕಾರ.

ಈಗ ಉಳಿದದ್ದು ಮೊದಲ ಅಕ್ಷರ ಒಂದೇ. ಅಂದರೆ ನಿಜವಾದ ತೊಂದರೆ ಹಾಗೇ ಇದೆ.

ಎಸ್‌ಪಿ_ರೋಡ್_ಸುತ್ತಾಟ

ಅದು ಆ ಕನ್ನಡ ಧ್ವನಿಯ ದೋಷ ಇರಬೇಕು. ಅದರಲ್ಲಿ ಮಾತಾಡುವ ಇಸ್ಪೀಕ್ ಕೇಳಿದ್ದೇನೆ, ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ. ಅಕ್ಷರ ನುಂಗುತ್ತದೆ.

ಕಿವಿಗಣ್ಣು (ಮೈಸೂರು)

ಇಲ್ಲ. ನಾನು ದಿನಕ್ಕೆ ಹತ್ತು ಗಂಟೆ ಅದೇ ಧ್ವನಿ ಕೇಳುವವನು, ನನಗೂ ಕಣ್ಣು ಕಾಣುವುದಿಲ್ಲ. ಇಸ್ಪೀಕ್ ಇಂಪಾಗಿಲ್ಲ ಅನ್ನುವುದು ಸರಿ. ಅದು ಮನುಷ್ಯರ ಧ್ವನಿಯ ರೆಕಾರ್ಡಿಂಗ್ ಅಲ್ಲ, ನಿಯಮದ ಮೇಲೆ ಸದ್ದು ಕಟ್ಟುತ್ತದೆ. ಅದಕ್ಕೇ ನಿಮಗೆ ಅರ್ಥವೇ ಆಗದಷ್ಟು ವೇಗದಲ್ಲಿ ಓಡಿಸಿದರೂ ನಮಗೆ ಅಕ್ಷರ ಅಕ್ಷರ ಕೇಳುತ್ತದೆ. ನುಂಗುವ ಚಾಳಿ ಅದಕ್ಕಿಲ್ಲ.

ಮಾಮ, ನಿಮ್ಮ ಸೊಸೆಯನ್ನು ಒಂದೇ ಪ್ರಶ್ನೆ ಕೇಳಿ. ಒಂದರ ಹಿಂದೆ ಒಂದು ಕೀ ಒತ್ತುತ್ತಾ ಹೋದಾಗ ಅಕ್ಷರ ಹೋಗುತ್ತದೋ, ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಒತ್ತಿದಾಗ ಹೋಗುತ್ತದೋ?

ಗುಜರಿ_ಮಾಮ

ಫೋನ್ ಮಾಡಿದೆ. ಅವಳು ಕೂತು ನೋಡಿ ಹೇಳಿದಳು: ಸುಮ್ಮನಿದ್ದು ಒತ್ತಿದಾಗ ಮಾತ್ರ. ಓಡುತ್ತಾ ಇದ್ದರೆ ಒಂದೂ ತಪ್ಪುವುದಿಲ್ಲ. ಆವತ್ತು ಪ್ರಬಂಧ ಹೋದದ್ದೂ ಮಧ್ಯೆ ಊಟಕ್ಕೆ ಎದ್ದು ಬಂದ ಮೇಲೆ. ಮೆನು ತೆರೆದೇ ಇತ್ತಂತೆ, ಬಂದು ಬಾಣದ ಕೀ ಒಂದು ಸಲ ಒತ್ತಿದಳು, "ಳಿಸು" ಅಂದಿತು, ಎಂಟರ್ ಒತ್ತಿದಳು.

ಕಿವಿಗಣ್ಣು (ಮೈಸೂರು)

ಅಷ್ಟೇ. ಸೌಂಡ್ ಚಿಪ್ ನಿದ್ದೆ ಹೋಗುತ್ತಿದೆ. ಕೆಲಸ ಇಲ್ಲದಿದ್ದರೆ ಡ್ರೈವರ್ ಅದನ್ನು ಮಲಗಿಸುತ್ತದೆ, ಕರೆಂಟು ಉಳಿಸಲು. ಎಬ್ಬಿಸಿದರೆ ಕಣ್ಣು ಉಜ್ಜಿಕೊಂಡು ಏಳಲು ಅರೆಕ್ಷಣ ಬೇಕು. ಹಾಡು ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ, ಹಾಡಿನ ಮೊದಲ ಅರೆಕ್ಷಣ ಯಾರಿಗೆ ಬೇಕು? ನಮಗೆ ಆ ಅರೆಕ್ಷಣದಲ್ಲೇ "ಉ"ವೋ "ಅ"ವೋ ಹೋಗಿರುತ್ತದೆ. ಇಂಗ್ಲಿಷ್ ಇಂಟರ್‌ಫೇಸ್ ಇದ್ದಿದ್ದರೆ ಸೇವ್, ಡಿಲೀಟ್ ಅಂತ ಬಾಲ ಕೇಳಿಯೂ ಊಹಿಸಬಹುದಿತ್ತು. ಕನ್ನಡದಲ್ಲಿ ಉಳಿಸುವುದಕ್ಕೂ ಅಳಿಸುವುದಕ್ಕೂ ಮೊದಲ ಅಕ್ಷರ ಒಂದೇ ವ್ಯತ್ಯಾಸ.

ಎನ್‌ವಿಡಿಎ ಹೊಸ ಆವೃತ್ತಿಯಲ್ಲಿ ಇದಕ್ಕೆ ಮದ್ದಿದೆ. ಇನ್ಸರ್ಟ್ ಹಿಡಿದು ಎನ್ ಒತ್ತಿ, ಸೆಟ್ಟಿಂಗ್ಸ್, ಆಡಿಯೋ. ಮಾತು ಮುಗಿದ ಮೇಲೆ ಸೌಂಡ್ ಸಾಧನವನ್ನು ಎಷ್ಟು ಸೆಕೆಂಡ್ ಎಚ್ಚರ ಇಡಬೇಕು ಅಂತ ಒಂದು ಜಾಗ ಇದೆ. 30 ಇರುತ್ತದೆ. ನಿಮ್ಮಲ್ಲಿ ಆ ಜಾಗವೇ ಇಲ್ಲದಿದ್ದರೆ ಹಳೇ ಆವೃತ್ತಿ ಅಂತ ಅರ್ಥ.

ಗುಜರಿ_ಮಾಮ

ಇಲ್ಲ! ಅವಳು ಶಾಲೆಯಿಂದ ಪೆನ್‌ಡ್ರೈವ್‌ನಲ್ಲಿ ತಂದದ್ದನ್ನೇ ಹಾಕಿದ್ದೆವು. ಹೊಸದು ಇಳಿಸಿಕೊಳ್ಳುತ್ತೇನೆ.

ಟಕ್ಸ್_ಗೌಡ

ಲಿನಕ್ಸ್‌ನಲ್ಲೂ ಇದೇ ಕಾಯಿಲೆ ಇದೆ, ಒಪ್ಪಿಕೊಳ್ಳುತ್ತೇನೆ. ಅಲ್ಲಿ ಎಸ್‌ಎನ್‌ಡಿ ಎಚ್‌ಡಿಎ ಇಂಟೆಲ್ ಅನ್ನುವ ಸೌಂಡ್ ಡ್ರೈವರಿಗೆ ಪವರ್ ಸೇವ್ 0 ಅಂತ ಹೇಳಬೇಕು. ಅದರ ಮೇಲೆ ವೈರ್‌ಪ್ಲಂಬರ್ ಅಂತ ಧ್ವನಿ ನೋಡಿಕೊಳ್ಳುವ ಇನ್ನೊಂದು ತಂತ್ರಾಂಶ ಬೇರೆ 5 ಸೆಕೆಂಡಿಗೆ ಮಲಗಿಸುತ್ತದೆ, ಅದನ್ನೂ ನಿಲ್ಲಿಸಬೇಕು.

ಸುಮ್ನೆ_ಓದುಗ

ಗೌಡ್ರು ಒಪ್ಪಿಕೊಂಡರು. ಈ ದಿನ ಬರೆದಿಡಿ.

ಎಸ್‌ಪಿ_ರೋಡ್_ಸುತ್ತಾಟ

ಕಿವಿಗಣ್ಣು ಸರ್, ಇಂಥ ತಂತ್ರಾಂಶ ಪುಕ್ಕಟೆ ಹೇಗೆ ಕೊಡುತ್ತಾರೆ? ಯಾರು ಮಾಡಿದ್ದು?

ಕಿವಿಗಣ್ಣು (ಮೈಸೂರು)

2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದರು, ಆಮೇಲೆ ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಆಗ ಇದ್ದ ಬೇರೆ ತಂತ್ರಾಂಶಗಳಿಗೆ ಕಂಪ್ಯೂಟರಿಗಿಂತ ಜಾಸ್ತಿ ದುಡ್ಡು ಕೊಡಬೇಕಿತ್ತು. ನೀವು ತಗಡಿನ ಡಬ್ಬ ಅಂದದ್ದಕ್ಕೆ ಬೇಜಾರಿಲ್ಲ ಬಿಡಿ, ಎಲ್ಲರೂ ಅನ್ನುತ್ತಾರೆ.

ಗುಜರಿ_ಮಾಮ

ಹೊಸ ಆವೃತ್ತಿ ಹಾಕಿದೆವು. 30 ಸೆಕೆಂಡ್ ಅವಳಿಗೆ ಸಾಲಲಿಲ್ಲ, ಬರೆಯುವಾಗ ಯೋಚನೆ ಮಾಡುತ್ತಾ ಕೂರುತ್ತಾಳೆ. 300 ಮಾಡಿದೆ. ನಿನ್ನೆಯಿಂದ ಒಂದು ಅಕ್ಷರವೂ ಹೋಗಿಲ್ಲ. ಅವಳು ಏನೋ ಬರೆಯಬೇಕಂತೆ, ಇಲ್ಲೇ ಕೊಡುತ್ತಿದ್ದೇನೆ.

ನಮಸ್ಕಾರ, ನಾನು ಆ ಅಕ್ಕನ ಮಗಳು. ಎಲ್ಲರ ಉತ್ತರ ಎನ್‌ವಿಡಿಎ ಓದಿ ಹೇಳಿತು, ಸ್ಮೈಲಿಗಳ ಸಮೇತ. ಸ್ಪೀಕರ್ ಹೆಣ್ಣು ಅಂದವರಿಗೆ: ಐದರ ಶ್ರುತಿಯಲ್ಲಿ ನಾನೂ ಹಾಡುತ್ತೇನೆ, ಅದಕ್ಕಿಂತ ಚೆನ್ನಾಗಿ. ಯುಎಸ್‌ಬಿ ಡಬ್ಬಿ ಹೇಳಿದವರಿಗೆ: ಮುಂದಿನ ತೂತೇ ನನಗೆ ಬೇಕಿತ್ತು, ಬೆರಳಿಗೆ ಬೇಗ ಸಿಗುತ್ತದೆ, ಹಿಂದೆ ಎಲ್ಲ ತೂತೂ ಒಂದೇ ತರ. ಈಗ ಒಂದು ಪ್ರಶ್ನೆ. ಮಾಮ ತಂದ ಕೀಬೋರ್ಡಿನಲ್ಲಿ ಎಫ್ ಮತ್ತು ಜೆ ಮೇಲಿನ ಉಬ್ಬುಗೆರೆ ಸವೆದು ನುಣ್ಣಗಾಗಿದೆ. ಬೆರಳು ಎಲ್ಲಿಡಬೇಕು ಅಂತ ಪ್ರತಿ ಸಲ ತುದಿಯಿಂದ ಎಣಿಸಬೇಕು. ಏನು ಮಾಡಲಿ?

ಬೆಸುಗೆ_ಭಟ್ಟ

ಎಂ-ಸೀಲ್ ಸಾಸಿವೆ ಕಾಳಿನಷ್ಟು. ಒಂದು ರಾತ್ರಿ ಒಣಗಲು ಬಿಡು ಮಗಳೇ.

ಕರಾವಳಿ_ಕೇಬಲ್

ನೈಲ್ ಪಾಲಿಶ್ ಎರಡು ಹನಿ, ಒಣಗಿದ ಮೇಲೆ ಇನ್ನೆರಡು.

ಶ್ರುತಿಪೆಟ್ಟಿಗೆ

ಅಮ್ಮನ ಹತ್ತಿರ ಕಲ್ಲಿನ ಬಿಂದಿ ಪ್ಯಾಕೆಟ್ ಇರುತ್ತದಲ್ಲ, ಎರಡು ಅಂಟಿಸಿಕೋ. ನಮ್ಮ ಹಾರ್ಮೋನಿಯಂ ಕೀಲಿಗೆ ನಾನು ಅದನ್ನೇ ಮಾಡಿದ್ದು.

ಗುಜರಿ_ಮಾಮ

ಬಿಂದಿ ಅಂಟಿಸಿದ್ದಾಳೆ. ಅಕ್ಕ ಬೈಯುತ್ತಿದ್ದಾಳೆ, ಹಬ್ಬಕ್ಕೆ ತಂದಿಟ್ಟಿದ್ದ ಪ್ಯಾಕೆಟ್ ಅಂತೆ.

ಕಿವಿಗಣ್ಣು (ಮೈಸೂರು)

ಎರಡು ವಾರಕ್ಕೆ ಉದುರುತ್ತದೆ. ಆಗ ಎಂ-ಸೀಲ್ ಹಾಕಿ.